ಸ್ತನಾರ್ಬುದವೂ ಮೀಥೈಲೀಕರಣವೂ

೧. ವಿಷಯನಿರೂಪಣೆ

ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನಲ್ಲಿ ಹಳೇಬೀಡಿಗೆ ಸಮೀಪವಾಗಿರುವ ಹುಲಿಕೆರೆಯು ಹೊಯ್ಸಳರ ಕಾಲದ ಕಲ್ಯಾಣಿಯೊಂದರಿಂದ ಪ್ರಸಿದ್ಧವಾಗಿರುವ ಗ್ರಾಮವು. ಮೆಟ್ಟಿಲುಗಳ ನಡುವೆ ಚಿಕ್ಕ ಚಿಕ್ಕ ಗುಡಿಗಳನ್ನು ಧರಿಸಿರುವ ಆ ಕೊಳದ ಸುತ್ತಣ ನಾಡೆಲ್ಲವೂ ಶಿಲಾಶಾಸನಗಳ ನಾಡು. ಬಿ. ಎಲ್. ರೈಸ್ ಮಹಾಶಯರು ೧೯೦೨ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಐದನೆಯ ಸಂಪುಟವು ಹಾಸನ ಜಿಲ್ಲೆಯ ಶಾಸನಗಳಿಗೇ ಮೀಸಲಾಗಿರುವುದು ವಿದ್ವಾಂಸರಿಗೆ ವಿದಿತವಾಗಿಯೇ ಇದೆ. ಶಾಸನಗಳನ್ನು ಓದುವ ಕೆಲಸದಲ್ಲಿ ನುರಿತವರಿಗೆ ಒಂದು ಸಂಗತಿಯು ಅನುಭವಸಿದ್ಧವಾದುದು. ಕಲ್ಲಿನ ಮೇಲಣ ಬರಹವು ಓದಲು ಬಾರದಂತಾಗುವುದು ಎರಡು ಕಾರಣಗಳಿಂದ. ಅಕ್ಷರವೇ ಒಡೆದು ಇಲ್ಲವೆ ಸವೆದು ಹೋಗುವುದು ಒಂದು. ಅಕ್ಷರವು ಕೆಡದೆ ಇದ್ದರೂ ವರ್ಷವರ್ಷವೂ ಬಳಿದ ಸುಣ್ಣವು ಅದರ ಮೇಲೆ ಪದರಗಟ್ಟಿ ಅದನ್ನು ಮರೆಮಾಡುವುದು ಇನ್ನೊಂದು. ಓದುವವನ ಪಾಲಿಗೆ ಎರಡೂ ಕಡೆಯಲ್ಲಿ ಫಲವು ಒಂದೇ. ದಾನವನ್ನು ಕೊಟ್ಟವರಾರು, ಪಡೆದವರಾರು ಎಂಬುದು ತಿಳಿಯುವುದಿಲ್ಲ. ಆದರೆ ಒಡೆದ ಅಕ್ಷರವು ಮರಳಿ ಬಾರದು. ಸುಣ್ಣದ ಮರೆಯಲ್ಲಿರುವ ಅಕ್ಷರವು ಪದರವನ್ನು ತೆಗೆದರೆ ಮೊದಲಿನಂತೆಯೇ ಕಾಣುವುದು.

ಮನುಷ್ಯಶರೀರದ ಜೀವಕೋಶಗಳಲ್ಲಿಯೂ ಒಂದು ಬರಹವುಂಟು. ಅದಕ್ಕೂ ಈ ಎರಡು ಬಗೆಯ ಹಾನಿಗಳುಂಟು. ಸ್ತ್ರೀಯರ ಸ್ತನದಲ್ಲಿ ಹುಟ್ಟುವ ಕ್ಯಾನ್ಸರ್ ರೋಗದಲ್ಲಿ, ಎಂದರೆ ಜನರು ಏಡಿಗಂತಿಯೆಂದು ಕರೆಯುತ್ತಿದ್ದ ವ್ಯಾಧಿಯಲ್ಲಿ, ಶರೀರವನ್ನು ಕಾಯಬೇಕಾದ ಕೆಲವು ವಂಶವಾಹಿಗಳು ಅಕ್ಷರನಾಶದಿಂದಲ್ಲದೆ ಕೇವಲ ಆವರಣದಿಂದಲೇ ಮೌನವಾಗುವುವೆಂಬುದನ್ನು ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ವಿಜ್ಞಾನಿಗಳು ಕಂಡುಕೊಂಡರು. ಆ ಆವರಣಕ್ಕೆ ಮೀಥೈಲೀಕರಣವೆಂದು ಹೆಸರು. ಅದರ ಸ್ವರೂಪವೇನು, ಅಕ್ಷರನಾಶಕ್ಕೂ ಅದಕ್ಕೂ ಇರುವ ಭೇದದಿಂದ ರೋಗಿಗೂ ಆಕೆಯ ಹೆಣ್ಣುಮಕ್ಕಳಿಗೂ ಆಗುವ ಪ್ರಯೋಜನವೇನು ಎಂಬುದೇ ಈ ಲೇಖನದ ವಿಚಾರವು.

೨. ಶರೀರದ ಬರಹ

ಪ್ರತಿಯೊಂದು ಜೀವಕೋಶದ ನಡುವಣ ಬೀಜದಲ್ಲಿ ಡಿ. ಎನ್. ಎ. ಎಂಬ ನೀಳವಾದ ಎರಡೆಳೆಯ ದ್ರವ್ಯವಿರುವುದು. ಅದರ ಲಿಪಿಗೆ ನಾಲ್ಕೇ ಅಕ್ಷರಗಳು: ಅಡೆನಿನ್, ಗ್ವಾನಿನ್, ಸೈಟೊಸಿನ್, ಥೈಮಿನ್. ತಾಯಿಯಿಂದ ಬಂದ ಒಂದು ಪ್ರತಿ, ತಂದೆಯಿಂದ ಬಂದ ಒಂದು ಪ್ರತಿ, ಹೀಗೆ ಎರಡು ಪ್ರತಿಗಳಿದ್ದು, ಒಂದೊಂದರಲ್ಲಿಯೂ ಸುಮಾರು ೩೨೦ ಕೋಟಿ ಅಕ್ಷರಗಳಿರುವುವು. ಈ ಮಹಾಗ್ರಂಥದಲ್ಲಿ ಪ್ರೋಟೀನುಗಳನ್ನು ನಿರ್ಮಿಸುವ ವಿಧಿಯನ್ನು ಹೇಳುವ ವಾಕ್ಯಗಳಿಗೆ ವಂಶವಾಹಿಗಳೆಂದು ಹೆಸರು; ಅವುಗಳ ಸಂಖ್ಯೆಯು ಸುಮಾರು ೨೦,೦೦೦. ಚರ್ಮದ ಕೋಶದಲ್ಲಿಯೂ ಮೆದುಳಿನ ಕೋಶದಲ್ಲಿಯೂ ಗ್ರಂಥವು ಒಂದೇ. ಹಾಗಿದ್ದೂ ಅವು ಬೇರೆಬೇರೆಯಾಗಿರುವುದು ಹೇಗೆಂದರೆ, ಒಂದೊಂದು ಬಗೆಯ ಕೋಶವೂ ತನಗೆ ಬೇಕಾದ ಪ್ರಕರಣಗಳನ್ನು ಮಾತ್ರವೇ ಓದಿಕೊಂಡು ಉಳಿದುವನ್ನು ಮುಚ್ಚಿಡುವುದು. ಮುಚ್ಚಿಡುವ ಈ ಕ್ರಮವು ಆರೋಗ್ಯವಂತರಲ್ಲಿಯೂ ಇರುವಂಥದೇ. ಅದು ಸ್ವತಃ ರೋಗವಲ್ಲ.

ಮುಚ್ಚಿಡುವ ಸಾಧನಗಳಲ್ಲಿ ಮುಖ್ಯವಾದುದು ಮೀಥೈಲ್ ಗುಂಪು. ಒಂದು ಇಂಗಾಲದ ಪರಮಾಣುವೂ ಮೂರು ಜಲಜನಕದ ಪರಮಾಣುಗಳೂ ಕೂಡಿ ಆದ ಈ ಸಣ್ಣ ಗುಂಪು, ಸೈಟೊಸಿನ್ ಅಕ್ಷರದ ಐದನೆಯ ಇಂಗಾಲಕ್ಕೆ ಅಂಟಿಕೊಳ್ಳುವುದು. ಸೈಟೊಸಿನ್ನಿನ ಮುಂದೆಯೇ ಗ್ವಾನಿನ್ ಇರುವ ಸ್ಥಾನಗಳಲ್ಲಿಯೇ ಇದು ಹೆಚ್ಚಾಗಿ ನಡೆಯುವುದು. ಹೀಗೆ ಮೀಥೈಲ್ ಹತ್ತಿದ ಸೈಟೊಸಿನ್ನನ್ನು ೧೯೪೮ರಲ್ಲಿ ರೋಲಿನ್ ಹಾಚ್‌ಕಿಸ್ ಎಂಬವರು ಕರುವಿನ ಥೈಮಸ್ ಗ್ರಂಥಿಯ ಡಿ. ಎನ್. ಎ.ಯಲ್ಲಿ ಗುರುತಿಸಿದರು. ಅದು ವಂಶವಾಹಿಗಳನ್ನು ತೆರೆಯುವ ಮುಚ್ಚುವ ಕದದ ಅಗುಳಿಯಾಗಿರಬಹುದೆಂಬ ಊಹೆಯನ್ನು ೧೯೭೫ರಲ್ಲಿ ರಾಬಿನ್ ಹಾಲಿಡೇ ಮತ್ತು ಜಾನ್ ಪ್ಯೂ ಎಂಬವರೂ, ಅವರಿಂದ ಬೇರೆಯಾಗಿ ಆರ್ಥರ್ ರಿಗ್ಸ್ ಎಂಬವರೂ ಮುಂದಿಟ್ಟರು. ಮುಂದಿನ ಶೋಧನೆಗಳು ಈ ಊಹೆಯನ್ನು ಬಹುಮಟ್ಟಿಗೆ ಸಮರ್ಥಿಸಿರುವುವು.

ಇಲ್ಲಿ ಗಮನಿಸಬೇಕಾದ ಮುಖ್ಯಾಂಶವೇನೆಂದರೆ, ಮೀಥೈಲ್ ಹತ್ತಿದ ಮಾತ್ರಕ್ಕೆ ಸೈಟೊಸಿನ್ ಬೇರೊಂದು ಅಕ್ಷರವಾಗಿಬಿಡುವುದಿಲ್ಲ. ಎದುರೆಳೆಯ ಗ್ವಾನಿನ್ನಿನೊಡನೆ ಅದರ ಜೊತೆಗೂಡಿಕೆಯು ಮೊದಲಿನಂತೆಯೇ ಇರುವುದು. ಬರಹದ ಅರ್ಥವೂ ಬದಲಾಗದು. ಆದರೆ ವಂಶವಾಹಿಯ ಆರಂಭದಲ್ಲಿರುವ ಪ್ರವರ್ತಕಭಾಗದಲ್ಲಿ ಇಂಥ ಗುರುತುಗಳು ದಟ್ಟವಾಗಿ ಬಿದ್ದಾಗ, ಅವುಗಳನ್ನು ಹಿಡಿದು ಕುಳಿತುಕೊಳ್ಳುವ ಪ್ರೋಟೀನುಗಳು ಬಂದು ಸೇರುವುವು, ಡಿ. ಎನ್. ಎ. ಎಳೆಯು ಬಿಗಿಯಾಗಿ ಸುತ್ತಿಕೊಳ್ಳುವುದು. ಓದುವ ಯಂತ್ರಕ್ಕೆ ಪ್ರವೇಶವೇ ಇಲ್ಲದಂತಾಗುವುದು. ವ್ಯಾಕರಣವನ್ನು ಬಲ್ಲವರಿಗೆ ಇದು ಅಪರಿಚಿತವಾದ ಭಾವನೆಯಲ್ಲ. ಪಾಣಿನಿಯ ಮತದಲ್ಲಿ ಲೋಪವೆಂದರೆ ವಿನಾಶವಲ್ಲ, ಕಾಣದಿರುವಿಕೆ ಮಾತ್ರ. ಮೀಥೈಲೀಕರಣದಿಂದ ವಂಶವಾಹಿಗೆ ಒದಗುವುದೂ ಇಂಥ ಲೋಪವೇ ಹೊರತು ನಾಶವಲ್ಲ.

ಸುಣ್ಣದ ದೃಷ್ಟಾಂತವು ಒಂದು ಕಡೆಯಲ್ಲಿ ಸಾಲದು. ಗೋಡೆಯ ಸುಣ್ಣವು ತಾನಾಗಿ ಹೊಸ ಗೋಡೆಗೆ ಹೋಗದು. ಜೀವಕೋಶವಾದರೋ ಒಡೆದು ಎರಡಾಗುವಾಗ ತನ್ನ ಗ್ರಂಥವನ್ನು ನಕಲು ಮಾಡುವುದು, ಆಗ ‘ಡಿ. ಎನ್. ಎಮ್. ಟಿ.-೧’ ಎಂಬ ಕಿಣ್ವವು ಹಳೆಯ ಎಳೆಯಲ್ಲಿ ಎಲ್ಲೆಲ್ಲಿ ಗುರುತಿದೆಯೋ ಅಲ್ಲೆಲ್ಲ ಹೊಸ ಎಳೆಯಲ್ಲಿಯೂ ಗುರುತನ್ನು ಹಾಕುವುದು. ಓಲೆಗರಿಯ ಲಿಪಿಕಾರನು ಮೂಲದ ಅಕ್ಷರಗಳೊಡನೆ ಅಂಚಿನ ಗುರುತುಗಳನ್ನೂ ಪ್ರತಿಮಾಡಿಕೊಂಡಂತೆ ಇದು. ಆದಕಾರಣ ಒಂದು ಕೋಶದಲ್ಲಿ ತಪ್ಪಿ ಬಿದ್ದ ಆವರಣವು ಅದರ ಸಂತತಿಯ ಕೋಶಗಳಲ್ಲೆಲ್ಲ ಮುಂದುವರಿಯುವುದು.

೩. ಅರ್ಬುದವನ್ನು ತಡೆಯುವ ವಂಶವಾಹಿಗಳು

ಕೋಶಗಳು ಹೊತ್ತಿಲ್ಲದ ಹೊತ್ತಿನಲ್ಲಿ ಒಡೆದು ವೃದ್ಧಿಯಾಗದಂತೆ ನೋಡಿಕೊಳ್ಳುವ, ಡಿ. ಎನ್. ಎ.ಗೆ ಆದ ಗಾಯಗಳನ್ನು ಸರಿಪಡಿಸುವ, ಸರಿಪಡಿಸಲಾಗದ ಕೋಶವು ತಾನೇ ಅಳಿಯುವಂತೆ ಮಾಡುವ ವಂಶವಾಹಿಗಳಿಗೆ ಅರ್ಬುದನಿರೋಧಕಗಳೆಂದು ಹೆಸರು. ತಾಯಿಯ ಪ್ರತಿ, ತಂದೆಯ ಪ್ರತಿ ಎಂದು ಇವು ಎರಡೆರಡಾಗಿರುವುದರಿಂದ ಒಂದು ಕೆಟ್ಟರೂ ಇನ್ನೊಂದು ಸಾಮಾನ್ಯವಾಗಿ ಕಾವಲಿರುವುದು. ಎರಡೂ ಕೆಟ್ಟಾಗ ಅರ್ಬುದಕ್ಕೆ ದಾರಿಯಾಗುವುದೆಂಬ ತತ್ತ್ವವನ್ನು ೧೯೭೧ರಲ್ಲಿ ಆಲ್‌ಫ್ರೆಡ್ ನಡ್ಸನ್ ಎಂಬವರು ಮಕ್ಕಳ ಕಣ್ಣಿನ ಅರ್ಬುದವನ್ನು ಪರಿಶೀಲಿಸಿ ಪ್ರತಿಪಾದಿಸಿದರು.

ಸ್ತನಾರ್ಬುದದ ವಿಷಯದಲ್ಲಿ ಇವುಗಳೊಳಗೆ ಹೆಚ್ಚು ಪ್ರಸಿದ್ಧವಾದುದು ‘ಬಿ. ಆರ್. ಸಿ. ಎ.-೧’. ಅದು ಹದಿನೇಳನೆಯ ವರ್ಣತಂತುವಿನಲ್ಲಿರುವುದೆಂದು ೧೯೯೦ರಲ್ಲಿ ಮೇರಿ-ಕ್ಲೇರ್ ಕಿಂಗ್ ಎಂಬ ವಿದುಷಿಯು ತೋರಿಸಿಕೊಟ್ಟರು. ೧೯೯೪ರಲ್ಲಿ ಅದರ ಅಕ್ಷರಾನುಕ್ರಮವು ದೊರೆಯಿತು. ಡಿ. ಎನ್. ಎ.ಯ ಎರಡೆಳೆಗಳೂ ತುಂಡಾದಾಗ ಅವುಗಳನ್ನು ತಪ್ಪಿಲ್ಲದೆ ಜೋಡಿಸುವುದು ಅದರ ಮುಖ್ಯಕಾರ್ಯ. ಕೋಶದ ವಿಭಜನೆಯನ್ನು ಅದು ತಡೆಯಬೇಕಾದರೆ ‘ಪಿ-೨೧’ ಎಂಬ ಪ್ರೋಟೀನಿನ ಸಹಾಯವು ಬೇಕೆಂದು ೧೯೯೭ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದವರಲ್ಲಿ ಮೊದಲನೆಯ ಹೆಸರು ಕುಮಾರವೇಲ್ ಸೋಮಸುಂದರಂ ಅವರದು. ಅವರು ಅನಂತರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿ, ಮೆದುಳಿನ ಅರ್ಬುದಗಳಲ್ಲಿ ಮೀಥೈಲೀಕರಣದ ಗುರುತುಗಳನ್ನು ಕುರಿತು ಸಂಶೋಧನೆಯನ್ನು ನಡೆಸಿದರು.

ಬಿ. ಆರ್. ಸಿ. ಎ.-೧ರಲ್ಲಿ ಹುಟ್ಟಿನಿಂದಲೇ ಅಕ್ಷರದೋಷವಿದ್ದರೆ ಅದು ಸಂತತಿಗೂ ಹೋಗಬಹುದು. ೨೦೧೭ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರ ಪ್ರಕಾರ ಇಂಥ ದೋಷವುಳ್ಳ ಸ್ತ್ರೀಯರಲ್ಲಿ ಎಂಬತ್ತು ವಯಸ್ಸಿನೊಳಗೆ ನೂರಕ್ಕೆ ೭೨ ಮಂದಿಗೆ ಸ್ತನಾರ್ಬುದವುಂಟಾಗುವ ಸಂಭವವಿರುವುದು. ಆದರೆ ಒಟ್ಟು ಸ್ತನಾರ್ಬುದಗಳಲ್ಲಿ ಹೀಗೆ ವಂಶದಿಂದ ಬಂದ ಪ್ರಬಲದೋಷದ ಫಲವಾದುವು ನೂರಕ್ಕೆ ಐದರಿಂದ ಹತ್ತರಷ್ಟು ಮಾತ್ರ. ಉಳಿದ ಬಹುಸಂಖ್ಯಾತರಲ್ಲಿ ಕಾವಲು ತಪ್ಪಿದುದು ಹೇಗೆ? ಈ ಪ್ರಶ್ನೆಗೆ ದೊರೆತ ಉತ್ತರಗಳಲ್ಲಿ ಮೀಥೈಲೀಕರಣವು ಒಂದು.

೪. ಆವರಣಕ್ಕೆ ಪ್ರಮಾಣ

ಕಣ್ಣಿಗೆ ಕಾಣದ ಈ ಗುರುತನ್ನು ಪತ್ತೆಮಾಡುವ ಉಪಾಯವು ಸ್ವಾರಸ್ಯವಾದುದು. ಬೈಸಲ್ಫೈಟ್ ಎಂಬ ಲವಣದಲ್ಲಿ ಡಿ. ಎನ್. ಎ.ಯನ್ನು ನೆನೆಸಿದರೆ ಮೀಥೈಲ್ ಇಲ್ಲದ ಸೈಟೊಸಿನ್ ರೂಪಾಂತರವನ್ನು ಹೊಂದುವುದು. ಮೀಥೈಲಿನ ರಕ್ಷೆಯುಳ್ಳದ್ದು ಹಾಗೆಯೇ ಉಳಿಯುವುದು. ಅನಂತರ ಅಕ್ಷರಗಳನ್ನು ಓದಿದರೆ, ಬದಲಾಗದೆ ಉಳಿದ ಸ್ಥಾನಗಳಲ್ಲಿ ಗುರುತುಗಳಿದ್ದುವೆಂದು ತಿಳಿಯುವುದು. ಈ ಕ್ರಮವು ೧೯೯೨ರಲ್ಲಿಯೂ, ಇದನ್ನು ಆಧರಿಸಿದ ಸುಲಭತರವಾದ ಪರೀಕ್ಷೆಯು ೧೯೯೬ರಲ್ಲಿಯೂ ಪ್ರಕಟವಾದುವು. ಅಲ್ಲಿಂದ ಮುಂದೆ ಅರ್ಬುದಗಳ ಮೀಥೈಲೀಕರಣವನ್ನು ಹುಡುಕುವ ಕೆಲಸವು ಎಲ್ಲ ದೇಶಗಳಲ್ಲಿಯೂ ಹಬ್ಬಿತು. ಕನ್ನಡನಾಡಿನ ಮಣಿಪಾಲದಲ್ಲಿಯೂ ವಿವಿಧ ಅರ್ಬುದಗಳ ಮೀಥೈಲೀಕರಣವನ್ನು ಕುರಿತ ಶೋಧನೆಗಳು ನಡೆದಿವೆ.

ಕುಟುಂಬದಲ್ಲಿ ರೋಗದ ಪೂರ್ವವೃತ್ತಾಂತವಿಲ್ಲದ ಸ್ತ್ರೀಯರ ಸ್ತನಾರ್ಬುದಗಳಲ್ಲಿ ಬಿ. ಆರ್. ಸಿ. ಎ.-೧ರ ಪ್ರವರ್ತಕಭಾಗವು ಮೀಥೈಲೀಕೃತವಾಗಿರುವುದನ್ನು ೧೯೯೭ರಲ್ಲಿ ವರದಿಮಾಡಲಾಯಿತು. ೨೦೦೦ದಲ್ಲಿ ಮ್ಯಾನೆಲ್ ಎಸ್ಟೆಲರ್ ಮೊದಲಾದವರು ಪರೀಕ್ಷಿಸಿದ ೮೪ ಸ್ತನಾರ್ಬುದಗಳಲ್ಲಿ ೧೧ರಲ್ಲಿ, ಎಂದರೆ ನೂರಕ್ಕೆ ೧೩ರಷ್ಟರಲ್ಲಿ, ಈ ಆವರಣವು ಕಂಡುಬಂದಿತು. ‘ಆರ್. ಎ. ಎಸ್. ಎಸ್. ಎಫ್.-೧ಎ’ ಎಂಬ ಇನ್ನೊಂದು ನಿರೋಧಕವು ಅನೇಕ ಅಧ್ಯಯನಗಳಲ್ಲಿ ಅರ್ಧಕ್ಕಿಂತ ಹೆಚ್ಚಿನ ಸ್ತನಾರ್ಬುದಗಳಲ್ಲಿ ಹೀಗೆ ಮೌನವಾಗಿರುವುದು. ರೋಗವು ನಾಳದ ಗೋಡೆಯನ್ನು ದಾಟಿ ಹರಡುವುದಕ್ಕೆ ಮುಂಚಿನ ಅವಸ್ಥೆಯಲ್ಲಿಯೇ ಇದು ಕಾಣಿಸಿಕೊಳ್ಳುವುದುಂಟು. ಕೋಶಗಳನ್ನು ಒಂದಕ್ಕೊಂದು ಬಿಗಿಹಿಡಿದಿಡುವ ಇ-ಕ್ಯಾಡ್ಹೆರಿನ್ ಪ್ರೋಟೀನಿನ ವಂಶವಾಹಿಯೂ ಕೆಲವು ಅರ್ಬುದಗಳಲ್ಲಿ ಇದೇ ಪಾಡನ್ನು ಹೊಂದುವುದು. ಆಗ ಕೋಶಗಳು ಕಟ್ಟುಬಿಚ್ಚಿ ಅಲೆಯಲು ಅವಕಾಶವಾಗುವುದು.

ಇದರಿಂದ ಮೀಥೈಲ್ ಎಂಬುದೇ ವಿಷವೆಂದು ತಿಳಿಯಬಾರದು. ಅರ್ಬುದದ ಕೋಶಗಳಲ್ಲಿ ಒಟ್ಟಿನ ಮೇಲೆ ಮೀಥೈಲೀಕರಣವು ಕಡಮೆಯಾಗಿರುವುದೆಂದು ೧೯೮೩ರಲ್ಲಿಯೇ ಆಂಡ್ರ್ಯೂ ಫೈನ್‌ಬರ್ಗ್ ಮತ್ತು ಬರ್ಟ್ ವೋಗಲ್‌ಸ್ಟೈನ್ ತೋರಿಸಿದ್ದರು. ಮುಚ್ಚಿರಬೇಕಾದುದು ತೆರೆದುಕೊಂಡು, ತೆರೆದಿರಬೇಕಾದುದು ಮುಚ್ಚಿಕೊಂಡಿರುವ ಅವ್ಯವಸ್ಥೆಯೇ ಇಲ್ಲಿನ ದೋಷವು.

೫. ಆಕ್ಷೇಪಗಳೂ ಸಮಾಧಾನವೂ

ಇಲ್ಲಿ ಮೂರು ಆಕ್ಷೇಪಗಳು ಹುಟ್ಟಬಹುದು.

ಮೊದಲನೆಯದು: ಇದೆಲ್ಲವೂ ಪ್ರಾಚೀನರಿಗೆ ತಿಳಿದಿದ್ದುದೇ ಅಲ್ಲವೆ? ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಅರ್ಬುದವೆಂಬುದು ದುಂಡಾಗಿ, ಅಲುಗದೆ, ಅಲ್ಪವೇದನೆಯುಳ್ಳದ್ದಾಗಿ, ಆಳವಾಗಿ ಬೇರೂರಿ, ಮೆಲ್ಲಮೆಲ್ಲನೆ ಬೆಳೆಯುವ, ಕೀವುಗಟ್ಟದ ಮಾಂಸದ ಉಬ್ಬೆಂದು ವರ್ಣಿತವಾಗಿರುವುದು ನಿಜ. ಕಣ್ಣಿನಿಂದಲೂ ಕೈಯಿಂದಲೂ ತಿಳಿಯಬಹುದಾದುದನ್ನು ಆ ಆಚಾರ್ಯನು ಎಷ್ಟು ಸೂಕ್ಷ್ಮವಾಗಿ ಕಂಡನೆಂಬುದಕ್ಕೆ ಇದು ಸಾಕ್ಷಿ. ಆದರೆ ಜೀವಕೋಶದೊಳಗಣ ಬರಹವನ್ನು ಆತನು ಕಂಡಿದ್ದನೆಂದು ಹೇಳುವುದು ಶಾಸ್ತ್ರಕ್ಕೆ ಗೌರವವಾಗದು. ಗ್ರಂಥದಲ್ಲಿ ಇಲ್ಲದುದನ್ನು ಗ್ರಂಥದ ಮೇಲೆ ಹೊರಿಸುವುದೂ ಒಂದು ಬಗೆಯ ಸುಣ್ಣವೇ. ಅದು ಇರುವ ಅಕ್ಷರವನ್ನೂ ಮರೆಮಾಡುವುದು.

ಎರಡನೆಯದು: ಫಲವು ಒಂದೇ ಆಗಿರುವಾಗ ಅಕ್ಷರವು ಒಡೆದರೇನು, ಮರೆಯಾದರೇನು? ಎರಡೂ ಹಣೆಬರಹವೇ ಅಲ್ಲವೆ? ಹಳ್ಳಿಗಳಲ್ಲಿ ಈ ಮಾತು ಬಲವಾಗಿ ಕೇಳಿಬರುವುದು. ತಾಯಿಗೆ ಸ್ತನದ ಏಡಿಗಂತಿಯಾಯಿತೆಂದರೆ ಮಗಳಿಗೆ ವರನು ದೊರೆಯಲಾರನೆಂದು ಮನೆಯವರು ವ್ಯಾಧಿಯನ್ನೇ ಬಚ್ಚಿಡುವುದುಂಟು. ಈ ಭಯಕ್ಕೆ ಉತ್ತರವು ಮೇಲಣ ಭೇದದಲ್ಲಿಯೇ ಇರುವುದು. ಹುಟ್ಟಿನಿಂದ ಬಂದ ಅಕ್ಷರದೋಷವು ಶರೀರದ ಎಲ್ಲ ಕೋಶಗಳಲ್ಲಿಯೂ ಇದ್ದು ಮಕ್ಕಳಲ್ಲಿ ಒಬ್ಬೊಬ್ಬರಿಗೂ ಎರಡರಲ್ಲಿ ಒಂದರಷ್ಟು ಸಂಭವದಿಂದ ಸಾಗಬಹುದು. ಅರ್ಬುದದ ಕೋಶಗಳಲ್ಲಿ ನಡುವೆ ಉಂಟಾದ ಮೀಥೈಲೀಕರಣವಾದರೋ ಆ ಕೋಶಗಳ ಸಂತತಿಗೆ ಹೋಗುವುದೇ ಹೊರತು ಆ ತಾಯಿಯ ಮಕ್ಕಳಿಗೆ ಹೋಗುವುದಿಲ್ಲ. ಬಿ. ಆರ್. ಸಿ. ಎ.-೧ರಲ್ಲಿ ಆವರಣವುಳ್ಳ ಅರ್ಬುದಗಳಲ್ಲಿ ಆ ವಂಶವಾಹಿಯ ಜನ್ಮಜಾತವಾದ ದೋಷವು ಅಪರೂಪ. ಆದಾಗ್ಯೂ ಇದನ್ನು ಊಹೆಯಿಂದ ನಿರ್ಣಯಿಸಬಾರದು; ರಕ್ತದ ವಂಶವಾಹಿಪರೀಕ್ಷೆಯಿಂದಲೇ ತಿಳಿಯಬೇಕು.

ಈ ಉತ್ತರಕ್ಕೆ ಒಂದು ಅಪವಾದವನ್ನೂ ಸೇರಿಸುವುದು ನ್ಯಾಯ. ಕೆಲವು ಸ್ತ್ರೀಯರಲ್ಲಿ ಆರೋಗ್ಯದ ಕಾಲದಲ್ಲಿಯೇ ರಕ್ತದ ಬಿಳಿಯ ಕಣಗಳ ಒಂದು ಸಣ್ಣ ಭಾಗದಲ್ಲಿ ಬಿ. ಆರ್. ಸಿ. ಎ.-೧ ಮೀಥೈಲೀಕೃತವಾಗಿರುವುದು. ಅಂಥವರಿಗೆ ಮುಂದೆ ಒಂದು ಬಗೆಯ ಉಗ್ರವಾದ ಸ್ತನಾರ್ಬುದವುಂಟಾಗುವ ಸಂಭವವು ಇತರರಿಗಿಂತ ಎರಡು ಪಟ್ಟಿಗೂ ಹೆಚ್ಚೆಂದು ನಾರ್ವೆಯ ಪೆರ್ ಲೊನಿಂಗ್ ಮೊದಲಾದವರು ೨೦೨೨ರಲ್ಲಿ ತೋರಿಸಿದರು. ನವಜಾತ ಶಿಶುಗಳ ರಕ್ತದಲ್ಲಿಯೂ ಈ ಗುರುತು ಕೆಲವರಲ್ಲಿ ಕಂಡಿರುವುದರಿಂದ ಅದು ಗರ್ಭದಲ್ಲಿ ಬೆಳೆಯುವಾಗಲೇ ಬೀಳುವುದುಂಟೆಂದು ತಿಳಿಯುವುದು.

ಮೂರನೆಯದು: ಸುಣ್ಣವನ್ನು ಕೆರೆದರೆ ಅಕ್ಷರವು ಕಾಣುವುದಾದರೆ, ಮೀಥೈಲನ್ನು ತೆಗೆದು ರೋಗವನ್ನು ಗುಣಪಡಿಸಬಾರದೇಕೆ? ಮೀಥೈಲೀಕರಣವನ್ನು ಕುಗ್ಗಿಸುವ ಔಷಧಗಳಿರುವುದು ನಿಜ. ಅಜಾಸಿಟಿಡಿನ್ ಎಂಬುದು ೨೦೦೪ರಲ್ಲಿಯೂ ಡೆಸಿಟಾಬಿನ್ ಎಂಬುದು ೨೦೦೬ರಲ್ಲಿಯೂ ಅಮೆರಿಕಾದಲ್ಲಿ ಅಸ್ಥಿಮಜ್ಜೆಯ ಒಂದು ರೋಗಕ್ಕೆ ಅಂಗೀಕೃತವಾದುವು. ಸ್ತನಾರ್ಬುದಕ್ಕೆ ಅವು ಸಿದ್ಧಚಿಕಿತ್ಸೆಯಾಗಿಲ್ಲ. ಅವು ಬೇಕಾದ ಒಂದು ಅಕ್ಷರದ ಮೇಲಣ ಪದರವನ್ನು ಮಾತ್ರ ತೆಗೆಯದೆ ಗೋಡೆಯೆಲ್ಲವನ್ನೂ ಕೆರೆಯುವುವು. ಆಹಾರದ ಫೋಲೇಟ್ ಸತ್ತ್ವವೂ ಬಿ-೧೨ ಜೀವಸತ್ತ್ವವೂ ಶರೀರದ ಮೀಥೈಲ್ ಭಂಡಾರಕ್ಕೆ ಸಂಬಂಧಿಸಿದುವಾದರೂ, ಸೊಪ್ಪನ್ನೋ ಗುಳಿಗೆಯನ್ನೋ ಸೇವಿಸಿ ಅರ್ಬುದದ ಆವರಣವನ್ನು ಕಳೆಯಬಹುದೆಂಬ ಮಾತಿಗೆ ಪ್ರಮಾಣವಿಲ್ಲ.

ಇನ್ನೂ ಒಂದು ವೈಚಿತ್ರ್ಯವುಂಟು. ಆವರಣವು ಕಳಚುವುದು ರೋಗಿಗೆ ಯಾವಾಗಲೂ ಹಿತವಲ್ಲ. ಬಿ. ಆರ್. ಸಿ. ಎ.-೧ ಮೌನವಾಗಿರುವ ಅರ್ಬುದಕೋಶಕ್ಕೆ ಡಿ. ಎನ್. ಎ.ಯ ಗಾಯವನ್ನು ಸರಿಪಡಿಸಿಕೊಳ್ಳುವ ಶಕ್ತಿಯು ಕುಂದಿರುವುದು. ಡಿ. ಎನ್. ಎ.ಯನ್ನು ಗಾಯಗೊಳಿಸುವ ಪ್ಲಾಟಿನಮ್ ಔಷಧಗಳೂ, ದುರಸ್ತಿಯ ಇನ್ನೊಂದು ದಾರಿಯನ್ನು ಮುಚ್ಚುವ ‘ಪಾರ್ಪ್’ ನಿರೋಧಕ ಔಷಧಗಳೂ ಈ ಕುಂದನ್ನೇ ಗುರಿಯಾಗಿಟ್ಟುಕೊಂಡಿವೆ. ಚಿಕಿತ್ಸೆಯ ನಡುವೆ ಆವರಣವು ಕಳಚಿಹೋದರೆ ಅರ್ಬುದಕೋಶವು ತನ್ನ ದುರಸ್ತಿಯ ವಿದ್ಯೆಯನ್ನು ಮರಳಿ ಪಡೆದು ಔಷಧವನ್ನು ಎದುರಿಸುವುದೆಂದು ಪ್ರಯೋಗಗಳಲ್ಲಿ ಕಂಡುಬಂದಿದೆ. ಆರೋಗ್ಯವಂತ ಕೋಶದಲ್ಲಿ ಕಾವಲಾಗಿದ್ದುದು ಅರ್ಬುದಕೋಶದಲ್ಲಿ ಅರ್ಬುದಕ್ಕೇ ಕಾವಲಾಗುವುದು. ಆದುದರಿಂದ ಯಾವ ಕೋಶದಲ್ಲಿ, ಯಾವ ಕಾಲದಲ್ಲಿ ಎಂಬ ವಿವೇಚನೆಯಿಲ್ಲದೆ ಅನಾವರಣವೇ ಔಷಧವೆಂದು ಸಾರುವುದು ಅವಿಚಾರವು.

೬. ಪ್ರಯೋಜನ

ಭಾರತದಲ್ಲಿ ೨೦೨೨ರಲ್ಲಿ ಹೊಸದಾಗಿ ಸ್ತನಾರ್ಬುದಕ್ಕೆ ಗುರಿಯಾದ ಸ್ತ್ರೀಯರು ಸುಮಾರು ೧ ಲಕ್ಷ ೯೨ ಸಾವಿರವೆಂದೂ, ಅದೇ ವರ್ಷದಲ್ಲಿ ಅದರಿಂದ ಮೃತರಾದವರು ಸುಮಾರು ೯೮ ಸಾವಿರವೆಂದೂ ಅಂತರರಾಷ್ಟ್ರೀಯ ಅಂದಾಜು. ಕನ್ನಡನಾಡಿನಲ್ಲಿ ಈ ರೋಗದ ಲೆಕ್ಕವನ್ನು ಕ್ರಮವಾಗಿ ಇಡುವ ಕೆಲಸವು ಹಳೆಯದು. ೧೯೭೩ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯಲ್ಲಿ ೧೯೮೨ರಿಂದ ಬೆಂಗಳೂರು ನಗರದ ಕ್ಯಾನ್ಸರ್ ನೋಂದಣಿಯು ನಡೆದುಬಂದಿದೆ; ಬೊಂಬಾಯಿ ಮದರಾಸುಗಳೊಡನೆ ಅದು ರಾಷ್ಟ್ರೀಯ ನೋಂದಣಿಯ ಮೊದಲ ಕೇಂದ್ರಗಳಲ್ಲೊಂದು. ಹಿಂದೆ ಆ ಪಟ್ಟಿಯಲ್ಲಿ ಸ್ತ್ರೀಯರ ಅರ್ಬುದಗಳೊಳಗೆ ಗರ್ಭಕಂಠದ ಅರ್ಬುದವು ಮುಂದಿದ್ದಿತು; ಕ್ರಮೇಣ ಸ್ತನಾರ್ಬುದವು ಆ ಸ್ಥಾನವನ್ನು ಆಕ್ರಮಿಸಿತು.

ಅರ್ಬುದದ ಗುರುತುಗಳನ್ನು ಓದುವ ವಿದ್ಯೆಯು ಬೆಂಗಳೂರು ಮಣಿಪಾಲಗಳಲ್ಲಿ ಎಷ್ಟೇ ಮುಂದುವರಿದಿದ್ದರೂ ಹುಲಿಕೆರೆಯಿಂದ ಬೆಂಗಳೂರಿಗೆ ಇನ್ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿಯಿರುವುದು. ಜಿಲ್ಲೆಯ ಮುಖ್ಯಸ್ಥಳವಾದ ಹಾಸನದಲ್ಲಿ ೨೦೦೬ರಿಂದ ಸರ್ಕಾರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಿದೆ. ಮೂವತ್ತರಿಂದ ಅರವತ್ತೈದು ವಯಸ್ಸಿನವರೆಗಿನ ಸ್ತ್ರೀಯರ ಸ್ತನಗಳನ್ನು ತರಬೇತಾದ ಆರೋಗ್ಯಕಾರ್ಯಕರ್ತರು ಐದು ವರ್ಷಗಳಿಗೊಮ್ಮೆ ಪರೀಕ್ಷಿಸಬೇಕೆಂಬ ವಿಧಾನವನ್ನು ಕೇಂದ್ರಸರ್ಕಾರವು ೨೦೧೬ರಲ್ಲಿ ಗೊತ್ತುಮಾಡಿತು. ನೋವಿಲ್ಲದ ಗಂಟು, ಚರ್ಮದಲ್ಲಿ ಗುಳಿ ಬೀಳುವುದು, ತೊಟ್ಟು ಒಳಕ್ಕೆ ಸೆಳೆದುಕೊಳ್ಳುವುದು, ತೊಟ್ಟಿನಿಂದ ರಕ್ತ ಬರುವುದು, ಇವು ಕಂಡಕೂಡಲೆ ವೈದ್ಯರಿಗೆ ತೋರಿಸತಕ್ಕುವು. ನೋವಿಲ್ಲವೆಂದೇ ಅನೇಕರು ಕಾಯುವರು. ನೋವಿಲ್ಲದಿರುವುದೇ ಈ ಗಂಟಿನ ವಂಚನೆಯು. ಮೀಥೈಲೀಕರಣದ ಪರೀಕ್ಷೆಯು ಮುಂದೆ ಎಷ್ಟೇ ಸುಲಭವಾದರೂ, ಗಂಟನ್ನು ಬಚ್ಚಿಟ್ಟವರಿಗೆ ಅದರಿಂದ ಉಪಕಾರವಾಗದು.

೭. ಉಪಸಂಹಾರ

ಇದುವರೆಗೆ ಹೇಳಿದುದರಿಂದ ಸಿದ್ಧವಾಗುವುದಿಷ್ಟು. ಸ್ತನಾರ್ಬುದದಲ್ಲಿ ನಿರೋಧಕ ವಂಶವಾಹಿಗಳು ಅಕ್ಷರನಾಶದಿಂದಲೂ ಮೌನವಾಗಬಹುದು, ಮೀಥೈಲೀಕರಣವೆಂಬ ಆವರಣದಿಂದಲೂ ಮೌನವಾಗಬಹುದು. ಇವೆರಡಕ್ಕೂ ಇರುವ ಭೇದವು ಮಕ್ಕಳ ವಿಷಯದಲ್ಲಿ ಭಯವನ್ನು ಅಳತೆಗೆ ತರುವುದು. ಚಿಕಿತ್ಸೆಯ ವಿಷಯದಲ್ಲಿ ಆಸೆಯನ್ನೂ ಎಚ್ಚರಿಕೆಯನ್ನೂ ಒಟ್ಟಿಗೆ ಕಲಿಸುವುದು. ಸ್ತನಾರ್ಬುದದಲ್ಲಿ ಆವರಣವನ್ನು ಬೇಕಾದಲ್ಲಿ ಮಾತ್ರ ತೆಗೆಯುವ ವಿದ್ಯೆಯು ಇನ್ನೂ ಕೈಗೆ ಬಂದಿಲ್ಲ.

ಹಣೆಯ ಬರಹವನ್ನು ಅಳಿಸಲಾಗದೆಂಬ ಮಾತಿನಿಂದ ಎಷ್ಟೋ ಗಂಟುಗಳು ಸೆರಗಿನ ಮರೆಯಲ್ಲಿ ಬೆಳೆದಿವೆ. ಬರೆದುದೆಲ್ಲವೂ ಓದಲ್ಪಡುವುದಿಲ್ಲ, ಓದಲಾಗದುದೆಲ್ಲವೂ ಅಳಿದಿರುವುದಿಲ್ಲ ಎಂಬುದನ್ನು ಶಾಸನವನ್ನು ಓದುವವರು ಬಲ್ಲರು. ಕಲ್ಲಿನ ಮುಂದೆ ಕುಳಿತು, ಕೆಟ್ಟಿದೆಯೋ ಮರೆಯಾಗಿದೆಯೋ ಎಂದು ಮೊದಲು ಪರೀಕ್ಷಿಸಿ, ಅನಂತರವೇ ತೀರ್ಮಾನವನ್ನು ಹೇಳುವುದು ಅವರ ಕ್ರಮ. ಹುಲಿಕೆರೆಯ ಸೀಮೆಯ ಮನೆಗಳಲ್ಲಿಯೂ ಈ ವ್ಯಾಧಿಯ ವಿಷಯದಲ್ಲಿ ಇದೇ ಕ್ರಮವು ನೆಲೆಗೊಳ್ಳತಕ್ಕದ್ದು.